ಸ್ಟ್ಯಾಂಡು ಅಲುಗಿಸುವವರು ಯಾರು?

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ರಕ್ತದೊತ್ತಡ. ನನಗಿರುವುದು ಅನುಮಾನ. ಇದಕ್ಕೆ ಗುಳಿಗೆಯಿಲ್ಲ, ಪಥ್ಯವೂ ಇಲ್ಲ. ಬಾಗಿಲಿಗೆ ಕೀಲಿ ಹಾಕಿ ಮೂರು ಸಲ ಜಗ್ಗಿ ನೋಡಿ, ಓಣಿಯ ತುದಿಯಿಂದ ಮರಳಿ ಬಂದು ನಾಲ್ಕನೆಯ ಸಲ ಜಗ್ಗುವವನು ನಾನು. ಒಮ್ಮೆ ಬೀಗರನ್ನು ಕರೆದುಕೊಂಡು ಬಾದಾಮಿಗೆ ಹೋಗಿದ್ದೆ. ಗುಹೆಯೊಳಗೆ ಅವರೆಲ್ಲ ಶಿಲ್ಪ ನೋಡುತ್ತಿದ್ದರೆ ನಾನು ನೆತ್ತಿಯ ಮೇಲಿನ ಬಂಡೆ ನೋಡುತ್ತಿದ್ದೆ. “ಈ ಕಂಬ ಇಷ್ಟು ಭಾರ ತಡೀತಾವೇನ್ರಿ?” ಎಂದು ಗೈಡನ್ನು ಕೇಳಿದೆ. “ನಿಂತು ಸಾವಿರ ವರ್ಷ ದಾಟೇತ್ರಿ ಸರ,” ಎಂದ. “ಅಂದ್ರ ಭಾಳ ಹಳೇವಾಗ್ಯಾವ,” ಎಂದು ಹೊರಬಂದು ಬಯಲಲ್ಲಿ ನಿಂತೆ. ಬೀಗರು ಇಂದಿಗೂ ಆ ಕತೆ ಹೇಳಿಕೊಂಡು ನಗುತ್ತಾರಂತೆ. ಅದರ ಜೊತೆಗೆ ಇನ್ನೇನೇನು ಹೇಳಿಕೊಳ್ಳುತ್ತಾರೋ ಎಂಬ ಅನುಮಾನ ನನಗಿದೆ.

ಇಂಥ ನಾನು ಐಟಿಐಯಲ್ಲಿ ಫಿಟ್ಟರ್ ಕೆಲಸ ಕಲಿಸಿ ನಿವೃತ್ತನಾದ ಮೇಲೆ, ಬಾಗಲಕೋಟೆಯಲ್ಲಿ ಒಬ್ಬರು ಮಾರುತ್ತಿದ್ದ ಹಳೆಯ ಮಿಲ್ಲಿಂಗ್ ಮಷಿನ್ ಒಂದನ್ನು ಇಳಕಲ್ಲಿನ ನಮ್ಮ ಮನೆಗೆ ತಂದೆ. ಕಬ್ಬಿಣ ಕೊರೆದು ಹಲ್ಲು, ತೋಡು ತೆಗೆಯುವ ಯಂತ್ರ. ಸಣ್ಣದೇ, ಆದರೆ ಇಬ್ಬರಿಂದ ಎತ್ತಲಾಗದು. ಅದನ್ನಿಟ್ಟ ಖೋಲಿಯ ಒಂದು ಗೋಡೆಯಾಚೆ ನನ್ನ ಹೆಂಡತಿ ಶಾಂತಾ ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿ ಮಗ್ಗ, ಇನ್ನೊಂದು ಗೋಡೆಯಾಚೆ ನೆರೆಯ ಶಂಕ್ರಪ್ಪನ ಪವರ್‌ಲೂಮು. ಶಾಂತಾ ತನ್ನ ತಂಗಿಯ ಮಗಳ ಮದುವೆಗೆಂದು ಸೀರೆ ನೇಯುತ್ತಿದ್ದಳು. ಅರ್ಧ ಆಗಿರುವಾಗ, ನೇಯ್ದ ಬಟ್ಟೆ ಸುತ್ತುವ ದಿಂಡಿನ ಹಲ್ಲಿನ ಚಕ್ರ ಮುರಿಯಿತು. ಆ ಚಕ್ರ ಹಿಡಿಯದಿದ್ದರೆ ದಿಂಡು ಜಾರುತ್ತದೆ, ನೇಯ್ಗೆ ನಿಲ್ಲುತ್ತದೆ.

“ಅಂಗಡ್ಯಾಗಿನ ಮಾಲು ನಂಬಬ್ಯಾಡ. ನಾನೇ ಮಾಡಿಕೊಡ್ತೇನಿ,” ಎಂದೆ.

“ಮದವಿಗೆ ಒಂದ ತಿಂಗಳೈತ್ರಿ.”

“ವಾರ ಸಾಕು.”

ಅವಳು ಸುಮ್ಮನೆ ತಲೆಯಾಡಿಸಿದಳು. ನಾನು ಮಷಿನನ್ನು ಹಳೆಯ ಮರದ ಮೇಜಿನ ಮೇಲಿಟ್ಟು ಸ್ವಿಚ್ ಒತ್ತಿದೆ. ಮೇಜು ಗಡಗಡ ನಡುಗಿ, ಮಷಿನನ್ನು ಹೊತ್ತುಕೊಂಡೇ ಬಾಗಿಲ ಕಡೆ ಹೊರಟಿತು. ಹೀಗೆ ಚಕ್ರಕ್ಕಿಂತ ಮೊದಲು ಒಂದು ಗಟ್ಟಿ ಸ್ಟ್ಯಾಂಡು ಬೇಕಾಯಿತು.

ವೆಲ್ಡಿಂಗ್ ಮಾಡುವ ಮೌಲಾಸಾಬನನ್ನು ಕರೆಸಿ, “ಆನಿ ಹತ್ತಿ ಕುಣಿದರೂ ಅಲುಗಬಾರದು,” ಎಂದೆ. “ನಿಮ್ಮ ಮನ್ಯಾಗ ಆನಿ ಎಲ್ಲೈತ್ರಿ ಮಾಸ್ತರ?” ಎಂದು ನಕ್ಕ. ಕೈಯಲ್ಲಿ ಶರಣಾರ್ಥಿ, ಕಂಕುಳಲ್ಲಿ ದೊಣ್ಣೆ ಎನ್ನುತ್ತಾರಲ್ಲ, ನಗುವವರನ್ನು ಕಂಡರೆ ನನಗೆ ಅದೇ ನೆನಪಾಗುತ್ತದೆ. ಅವನು ತಂದ ಕಬ್ಬಿಣದ ದಪ್ಪವನ್ನು ಪ್ರತಿ ತುಂಡಿಗೂ ಅಳೆದೆ. ಅವನು ಚಹಾ ಕುಡಿಯಲು ಹೋದಾಗ ಬೆಸುಗೆಯನ್ನು ಮೊಳೆಯಿಂದ ಕೆರೆದು ನೋಡಿದೆ. ಟೊಳ್ಳು ಕಾಲುಗಳಿಗೆ ಒಣ ಉಸುಕು ತುಂಬಿದರೆ ನಡುಕ ಕಡಿಮೆಯಾಗುತ್ತದೆ. ಉಸುಕು ಮಾರಿದವನು ಒಣಗಿದೆ ಎಂದ. ಅದಕ್ಕೇ ನಾನು ಅದನ್ನು ಮಾಳಿಗೆಯ ಮೇಲೆ ಹರವಿ ಎರಡು ದಿನ ಕೈಯಾಡಿಸುತ್ತ ಕುಳಿತೆ. “ಏನ್ರಿ ಮಾಸ್ತರ, ಸಂಡಿಗಿ ಹಾಕೀರೇನು?” ಎಂದು ಓಣಿಯವರು ಕೇಳಿದರು. ಮೇಲೆ ಹಾಸಲು ಕೆಂಪು ಗ್ರಾನೈಟ್ ಚಪ್ಪಡಿ ತರಲು ಹೋಗಿ, ಎಲ್ಲಿಯಾದರೂ ಬಿರುಕಿದೆಯೋ ಎಂದು ನಾಣ್ಯದಿಂದ ಬಡಿದು ಕಿವಿಗೊಟ್ಟು ಕೇಳಿದೆ. ಅಂಗಡಿಯವನು, “ಅದೇನು ತೆಂಗಿನಕಾಯೇನ್ರಿ?” ಎಂದ. ಇಷ್ಟರಲ್ಲಿ ನಾನು ಕೇಳಿದ್ದ ವಾರ ಮುಗಿದು, ಎರಡನೆಯದೂ ಮುಗಿದಿತ್ತು.

ಸ್ಟ್ಯಾಂಡು ನಿಂತಿತು. ಮಷಿನ್ ಏರಿಸುವ ಮೊದಲು ನನ್ನದೇ ಒಂದು ಪರೀಕ್ಷೆ: ಚಪ್ಪಡಿಯ ಮೇಲೆ ಗಂಗಾಳದಲ್ಲಿ ನೀರಿಟ್ಟು ನೋಡಿದೆ. ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು! ಮೌಲಾಸಾಬ ಬಂದು ಕಾಲಿನ ಬೋಲ್ಟು ಬಿಗಿದ, ತಾನೇ ಮೇಲೆ ಹತ್ತಿ ನಿಂತ. “ಸ್ಟ್ಯಾಂಡ್ ಅಲುಗವಲ್ದು ಮಾಸ್ತರ, ನೆಲಾ ಅಲುಗತೈತಿ,” ಎಂದು ಕೈ ಝಾಡಿಸಿಕೊಂಡು ಹೋದ. ಆಗ ನನಗೆ ಹೊಳೆಯಿತು: ಶಂಕ್ರಪ್ಪ! ಅವನ ಲೂಮು ಗೋಡೆಯಾಚೆಯೇ ತಾನೆ ಗುಡುಗುವುದು? ಎಂಟು ದಿನ ಗಂಗಾಳದ ಮುಂದೆ ಕುಳಿತು ಕಾದೆ. ಕರೆಂಟು ಹೋದಾಗಲೂ ನೀರು ಅಲುಗಿತು, ಸದ್ದು ಮಾತ್ರ ಸಣ್ಣದಾಗಿ ಕೇಳಿತು. ಇನ್ವರ್ಟರ್ ಮೇಲೆ ಮೆಲ್ಲಗೆ ನಡೆಸುತ್ತಿದ್ದಾನೆ ಕಳ್ಳ ಎಂದು ತೀರ್ಮಾನಿಸಿದೆ.

ಒಂಬತ್ತನೆಯ ದಿನ ಅವನ ಬಾಗಿಲಿಗೇ ಹೋದೆ. ನನ್ನನ್ನು ಕಂಡದ್ದೇ ತಡ, ಶಂಕ್ರಪ್ಪ ಲೂಮಿನ ಮೇಲಿನ ಸೀರೆಯ ಅಂಚಿಗೆ ಟವೆಲ್ ಮುಚ್ಚಿದ. ಹೊಸ ಅಂಚಿನ ನಮೂನೆ ಕದಿಯಲು ಬಂದಿದ್ದೇನೆಂದು ಅವನ ಅನುಮಾನ. ನೋಡಿ, ಜನರಲ್ಲಿ ಎಂಥ ಕೆಟ್ಟ ಗುಣ!

“ಹತ್ತು ನಿಮಿಷ ಲೂಮ್ ಬಂದ್ ಮಾಡ್ತಿಯೇನು? ನೀರು ನೋಡಬೇಕು,” ಎಂದೆ.

“ಯಾವ ನೀರು?” ಎಂದು ಅವನು ಲೂಮು ನಿಲ್ಲಿಸಿ, ನನ್ನ ಬೆನ್ನ ಹಿಂದೆಯೇ ಬಂದ. ಇಬ್ಬರು ಹಿರಿಯರು ಒಂದು ಗಂಗಾಳದ ಮೇಲೆ ಬಾಗಿ ನಿಂತೆವು. ಓಣಿ ನಿಶ್ಶಬ್ದ. ನೀರು ಮಾತ್ರ ಅಲುಗುತ್ತಲೇ ಇತ್ತು. ಆ ನಿಶ್ಶಬ್ದದಲ್ಲಿ ಇನ್ನೊಂದು ಗೋಡೆಯಾಚೆಯಿಂದ ಟಕ್, ಟಕ್, ಟಕ್.

“ಮಾಸ್ತರ, ಇದು ನಿಮ್ಮ ಮನಿ ಮಗ್ಗ ಅಲ್ಲೇನ್ರಿ?” ಎಂದ ಶಂಕ್ರಪ್ಪ.

ಓಡಿ ಹೋಗಿ ನೋಡಿದೆ. ಶಾಂತಾ ಕುಣಿಯಲ್ಲಿ ಕಾಲಿಳಿಬಿಟ್ಟು ಲಾಳಿ ಎಸೆಯುತ್ತಿದ್ದಳು. ಸೀರೆ ಮುಗಿಯುತ್ತ ಸೆರಗಿಗೆ ಬಂದಿತ್ತು. ದಿಂಡಿನ ತುದಿಗೆ ಹೊಸ ಚಕ್ರ.

“ಯಾವಾಗ ತಂದಿ ಇದನ್ನ?”

“ನೀವು ಉಸುಕು ಒಣಗಾಕ ಹಾಕಿದ್ರಲ್ರಿ, ಅವತ್ತ. ಹುನಗುಂದಕ್ಕ ಹೋಗಿ ತಂದ್ನಿ. ಇಲ್ಲೇ ಕೊಂಡ್ರ ಅಂಗಡ್ಯಾಂವ ನಿಮಗ ಹೇಳತಿದ್ದ. ನಿಮಗ ಬ್ಯಾಸರಾಗ್ತಿತ್ತು.”

ಶಂಕ್ರಪ್ಪ ನಗು ತಡೆಯಲಾರದೆ ಹೊರಟುಹೋದ. ನನಗೆ ನಿಜಕ್ಕೂ ನಾಚಿಕೆಯಾಯಿತು. ಉಸುಕು, ಕಲ್ಲು, ಬೆಸುಗೆ, ನೆರೆಮನೆ ಎಂದು ನಾನು ಊರಿನ ಮೇಲೆಲ್ಲ ಅನುಮಾನಪಟ್ಟೆ. ಅವಳು ಅನುಮಾನಪಟ್ಟದ್ದು ಒಬ್ಬನ ಮೇಲೆ ಮಾತ್ರ, ಅದೂ ಬಾಯಿ ಬಿಡದೆ; ಕೊನೆಗೆ ನಿಜವಾದದ್ದು ಅವಳ ಅನುಮಾನವೊಂದೇ. ನನ್ನ ಮುಖ ನೋಡಿ ಅವಳಿಗೂ ಕನಿಕರ ಬಂದಿರಬೇಕು. “ಸ್ಟ್ಯಾಂಡ್ ಛಲೋ ಆಗೇತಿ ಬಿಡ್ರಿ. ಈ ಚಕ್ರ ನೋಡಿ ಇಂಥಾದ್ದ ಇನ್ನೊಂದು ಮಾಡಿಡ್ರಿ, ಮುಂದ ಬೇಕಾಗ್ತದ,” ಎಂದು ಅಡುಗೆಗೆ ಎದ್ದು ಹೋದಳು.

ನಾನು ಕನ್ನಡಕ ಹಾಕಿಕೊಂಡು ಮೆಲ್ಲಗೆ ಕುಣಿಯೊಳಗೆ ಇಳಿದೆ. ಹುನಗುಂದದ ಚಕ್ರದ ಹಲ್ಲುಗಳನ್ನು ಬೆರಳಿಟ್ಟು ಎಣಿಸಿದೆ. ಒಂದಾದರೂ ಕಡಿಮೆ ಇರಬಾರದೇ ಎಂದು ಎರಡನೆಯ ಸಲ ಎಣಿಸಿದೆ. ಮೂರನೆಯ ಸಲ ಅರ್ಧಕ್ಕೆ ಬಂದಾಗ ಅಡುಗೆಮನೆಯಿಂದ ಶಾಂತಾಳ ದನಿ ಕೇಳಿತು: “ಎಲ್ಲಾ ಅದಾವ್ರಿ! ನಾ ಅಂಗಡ್ಯಾಗ ಮೂರು ಸಲ ಎಣಿಸೇ ತಂದೇನಿ!”