ಅಳಿಯಂದಿರ ಕುರ್ಚಿ ಬೇರು ಬಿಟ್ಟದ್ದು

"ಇವತ್ತಿನಿಂದ ಈ ಮನೇಲಿ ಒಂದು ಸ್ಟೂಲ್ ಕೂಡ ನನ್ನ ಅಪ್ಪಣೆ ಇಲ್ಲದೆ ಅಲ್ಲಾಡಕೂಡದು!"

ನಮ್ಮ ಅಳಿಯಂದಿರು ಎಡಗಾಲಿನ ಕಿರುಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬಲಗಾಲಲ್ಲಿ ಕುಪ್ಪಳಿಸುತ್ತ ಹೀಗೆಂದು ಘೋಷಿಸಿದರು. ಇಷ್ಟು ಘೋರವಾದ ಪ್ರತಿಜ್ಞೆಯನ್ನು ಕುಂಟಾಬಿಲ್ಲೆ ಆಡುವ ಭಂಗಿಯಲ್ಲಿ ಮಾಡಿದವರು ಇವರೊಬ್ಬರೇ ಇರಬೇಕು!

ಅವರು ಸಿಟಿ ಬಸ್ಸಿನ ಡ್ರೈವರ್. ಮೊದಲ ಟ್ರಿಪ್ಪಿಗೆ ಕತ್ತಲಲ್ಲೇ ಏಳಬೇಕು. ಹೆಂಡತಿ ಮಗಳ ನಿದ್ದೆ ಕೆಡದಿರಲಿ ಎಂದು ಲೈಟು ಕೂಡ ಹಾಕುವುದಿಲ್ಲ. ಅಳಿಯ ಎಂದು ಹೊಗಳುತ್ತಿಲ್ಲ, ಅಷ್ಟು ಒಳ್ಳೆಯ ಮನುಷ್ಯ. ಆದರೆ ಒಳ್ಳೆಯತನಕ್ಕೆ ಕತ್ತಲಲ್ಲಿ ಕಣ್ಣು ಕಾಣಬೇಕಲ್ಲ! ನಿನ್ನೆ ದಾರಿ ಇದ್ದ ಕಡೆ ಇವತ್ತು ಮಂಚ ಇರುತ್ತದೆ. ಮಂಚ ಇದ್ದ ಕಡೆ ಮೇಜು. ಊರಿನ ಅಷ್ಟೂ ಟ್ರಾಫಿಕ್ಕಿನಲ್ಲಿ ಒಂದು ಸೈಕಲ್ಲಿಗೂ ತಾಗಿಸದ ಅಳಿಯಂದಿರು, ಸ್ವಂತ ನಡುಮನೆಯಲ್ಲಿ ದಿನಾ ಒಂದು ಆಕ್ಸಿಡೆಂಟು ಮಾಡುತ್ತಿದ್ದರು.

ಇದೆಲ್ಲ ನಮ್ಮ ಮಗಳ, ಅಂದರೆ ಅವರ ಹೆಂಡತಿಯ, ಕೈಚಳಕ. ಅವಳಿಗೆ ರೈಲ್ವೆ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೆಲಸ. ದಿನವೆಲ್ಲ ಗಾಜಿನ ಹಿಂದೆ ಕೂತು ಬಂದವರನ್ನೆಲ್ಲ ಊರೂರಿಗೆ ಕಳಿಸುತ್ತಾಳೆ, ತಾನು ಮಾತ್ರ ಕೂತಲ್ಲೇ. ಮನೆಗೆ ಬಂದರೆ ಕೈ ಕಡಿಯುತ್ತದೆ. ಏನನ್ನಾದರೂ ಸರಿಸಲೇಬೇಕು! ಚಿಕ್ಕವಳಿದ್ದಾಗ ತಟ್ಟೆಯಲ್ಲಿ ಪಲ್ಯವನ್ನೂ ಹೀಗೇ ಆ ಕಡೆಯಿಂದ ಈ ಕಡೆಗೆ ಸರಿಸುತ್ತಿದ್ದಳು, ತಿನ್ನುತ್ತಿರಲಿಲ್ಲ. ಅದಿರಲಿ.

ಮಂಚ, ಮೇಜು ಹೇಗೋ ಸಹಿಸಬಹುದಿತ್ತು. ಆದರೆ ಆ ಕುರ್ಚಿ! ಕಿಟಕಿ ಪಕ್ಕದ ಕೈಕುರ್ಚಿಯೇ ಅಳಿಯಂದಿರ ಸಿಂಹಾಸನ. ಸಂಜೆ ಅದರಲ್ಲಿ ಕೂತು, ಕೆಳಗಿನ ರಸ್ತೆಯಲ್ಲಿ ಬೇರೆಯವರು ಬ್ರೇಕ್ ಹಾಕುವುದನ್ನು ನೋಡುತ್ತ ಕಾಫಿ ಕುಡಿಯುವುದು ಅವರ ಪಾಲಿನ ಸ್ವರ್ಗ. ಆ ಸ್ವರ್ಗ ಒಂದು ವಾರ ಬಚ್ಚಲ ಬಾಗಿಲಿಗೆ ಹೋಯಿತು.

"ಆ ಕುರ್ಚಿ ಏನು ಪಾಪ ಮಾಡಿತ್ತೇ? ಕಿಟಕಿ ಹತ್ರ ತನ್ನ ಪಾಡಿಗೆ ತಾನು ಇತ್ತಲ್ಲ!"

"ಅದಕ್ಕೇ ರೀ ಎತ್ತಿಟ್ಟೆ. ಒಂದೇ ಕಡೆ ಇದ್ರೆ ಜಡ್ಡುಗಟ್ಟುತ್ತೆ."

"ಕುರ್ಚಿಗೆ ಜಡ್ಡಾ?"

"ಕುರ್ಚಿಗಲ್ಲ, ನಿಮಗೆ!"

 ಹೆಂಡತಿಗೆ ಎದುರಾಡಲು ಅಳಿಯಂದಿರಲ್ಲಿ ಶಬ್ದಗಳೇ ಇರಲಿಲ್ಲ. ಅಷ್ಟರಲ್ಲಿ ಒಂದು ಶಬ್ದ ಸಿಕ್ಕಿತು ನೋಡಿ!

ಮೊಮ್ಮಗಳು ಪರೀಕ್ಷೆಗೆ ಜೋರಾಗಿ ಓದಿಕೊಳ್ಳುತ್ತಿದ್ದಳು. "ಸೆಸೈಲ್... ಸೆಸೈಲ್..."

"ಹಾಗಂದ್ರೆ ಏನು ಪುಟ್ಟಿ?"

"ಇದ್ದಲ್ಲೇ ಕಚ್ಚಿಕೊಂಡಿರೋದು ಅಪ್ಪ. ಸಮುದ್ರದಲ್ಲಿ ಬಾರ್ನಕಲ್ ಅಂತ ಒಂದು ಚಿಪ್ಪಿನ ಪ್ರಾಣಿ ಇದೆ. ಮರಿಯಾಗಿದ್ದಾಗ ಈಜಾಡುತ್ತೆ. ಆಮೇಲೆ ಒಂದು ಬಂಡೆಗೆ ಅಂಟಿಕೊಂಡ್ರೆ ಮುಗೀತು, ಸಾಯೋವರೆಗೂ ಅಲ್ಲೇ!"

"ಯಾರೂ ಎತ್ತಿ ಆ ಕಡೆ ಈ ಕಡೆ ಇಡಲ್ವಾ?"

"ಇಲ್ಲಪ್ಪ. ಅದಕ್ಕೆ ಹೆಂಡ್ತಿ ಇರಲ್ಲ."

ಅಳಿಯಂದಿರ ಕಣ್ಣು ತುಂಬಿ ಬಂತು. ಸೆಸೈಲ್! ಎಂಥ ಶಬ್ದ! ಮರುದಿನ ಸ್ಟಿಯರಿಂಗ್ ತಿರುಗಿಸುತ್ತ ಅದನ್ನೇ ಜಪಿಸಿದರು. ಬಾಗಿಲಲ್ಲಿ ಗುಂಪುಗೂಡಿದ ಪ್ರಯಾಣಿಕರಿಗೆ, "ಒಳಗೆ ಹೋಗಿ ಸ್ವಾಮಿ, ಬಾಗಿಲಲ್ಲೇ ಸೆಸೈಲ್ ಆಗ್ಬೇಡಿ!" ಎಂದು ಕೂಗಿದರು. ಬೈಗುಳವೇ ಇರಬೇಕೆಂದು ಎಲ್ಲರೂ ಗಾಬರಿಯಿಂದ ಒಳಗೆ ಹೋದರು. ಶಬ್ದದ ಶಕ್ತಿ ಕಂಡು ಅಳಿಯಂದಿರಿಗೆ ಆನೆಬಲ ಬಂತು. ಮನೆಯನ್ನೇ ಸೆಸೈಲ್ ಮಾಡಿಬಿಡುವುದೆಂದು ಅವತ್ತೇ ನಿಶ್ಚಯಿಸಿದರು.

ಒಂದು ದಿನ ರಜಾ ಹಾಕಿದರು. ಡಿಪೋದ ಮೆಕ್ಯಾನಿಕ್ಕಿನಿಂದ ಡ್ರಿಲ್ ಮಷೀನು, ಬೋಲ್ಟು ತಂದರು. ಹೆಂಡತಿ ಡ್ಯೂಟಿಗೆ ಹೊರಟು ಬಾಗಿಲು ಹಾಕಿದ್ದೇ ತಡ, ಗುರ್‍ರ್‍ರ್! ಮೊದಲು ಬೀರು. ಅದನ್ನು ಗೋಡೆಗೆ ಒತ್ತಿ, ಬೋಲ್ಟು ಜಡಿದು, ಬಸ್ ಚಕ್ರದ ನಟ್ಟು ಬಿಗಿಯುವ ಕೈಯಲ್ಲಿ ಬಿಗಿದರು. ಭೂಕಂಪವಾದರೆ ಗೋಡೆ ಬೀಳಬಹುದು, ಬೀರು ಬೀಳುವಂತಿರಲಿಲ್ಲ! ಆಮೇಲೆ ಮಂಚ. ಆಮೇಲೆ ಮೇಜು. ಕೊನೆಗೆ, ಹೂವು ಎತ್ತಿದಂತೆ ಎತ್ತಿ ತಂದು, ಕಿಟಕಿ ಪಕ್ಕದಲ್ಲಿ ಆ ಕುರ್ಚಿ.

"ಅಪ್ಪ, ಅಮ್ಮ ಬಂದ್ರೆ ನಿನ್ನನ್ನೂ ಗೋಡೆಗೆ ಜಡೀತಾಳೆ," ಎಂದಳು ಮೊಮ್ಮಗಳು.

"ಬರ್ಲಿ. ಇವತ್ತು ನಾನೋ ಅವಳೋ!"

ಕುರ್ಚಿಯ ಮೂರು ಕಾಲು ನೆಲಕ್ಕೆ ಕೂತವು. ನಾಲ್ಕನೆಯ ಕಾಲಿಗೆ ತೂತು ಕೊರೆದಾಗ ಡ್ರಿಲ್ಲು ಟಣ್ ಎಂದಿತು. ಆಮೇಲೆ ಚೊಂಯ್ ಎಂದಿತು. ನೆಲದೊಳಗಿನ ನೀರಿನ ಪೈಪು! ಕಾರಂಜಿ ಎದ್ದು ಸೀದಾ ಅಳಿಯಂದಿರ ಮೀಸೆಗೆ ಬಡಿಯಿತು. ಗಾಬರಿಯಲ್ಲಿ ಕುರ್ಚಿಯ ಮೇಲೆ ಕುಸಿದು ಹಿಮ್ಮಡಿಯಿಂದ ತೂತು ಒತ್ತಿದರು. ನೀರು ನಿಂತಿತು.

"ಪುಟ್ಟಿ! ವಾಲ್ವ್ ತಿರುಗಿಸೇ!"

"ಎಲ್ಲಿದೆ ಅಪ್ಪ?"

ಅಳಿಯಂದಿರು ಬೀರುವಿನ ಕಡೆ ನೋಡಿದರು. ವಾಲ್ವು ಅದರ ಹಿಂದೆ ಇತ್ತು.

ಮೊಮ್ಮಗಳು ಸ್ಪ್ಯಾನರಿಗೆ ಜೋತುಬಿದ್ದಳು. ಬೋಲ್ಟು ಮಿಸುಕಲಿಲ್ಲ. ಅದನ್ನು ಬಿಗಿದ ಕೈಯೇ ಬಿಚ್ಚಬೇಕು, ಆ ಕೈಯವರು ಎದ್ದರೆ ನೀರು ಏಳುತ್ತದೆ! ಟೆರೇಸಿನ ಟ್ಯಾಂಕು ಮುಚ್ಚೋಣವೆಂದರೆ ಅದರ ಬೀಗದ ಕೈ ಮನೆ ಮಾಲೀಕರ ಜೇಬಿನಲ್ಲಿ, ಮಾಲೀಕರು ಪರವೂರಿನಲ್ಲಿ. ಅಪ್ಪನ ಬದಲು ಮೊಮ್ಮಗಳು ಕಾಲಿಟ್ಟು ನೋಡಿದಳು. ಅವಳಿಗೆ ಕಚಗುಳಿಯಾಗಿ ನಗು ಬಂತು, ಕಾಲು ಜಾರಿತು, ನೀರು ಫ್ಯಾನಿಗೆ ತಾಗಿತು. ಅಷ್ಟರಲ್ಲಿ ಕೆಳಗಿನ ಹಾಸಿಗೆ ಅಂಗಡಿಯವನು ಮೆಟ್ಟಿಲು ಹತ್ತಿ ಓಡಿಬಂದ.

"ಡ್ರೈವರ್ರೇ! ನನ್ನ ಹತ್ತಿ ಮೇಲೆ ತೊಟ್ಟಿಕ್ತಾ ಇದೆ! ಕಾಲು ಎತ್ತಿದ್ರೋ, ಅಷ್ಟೂ ಹಾಸಿಗೆ ನೀವೇ ತಗೋಬೇಕು!"

"ಎತ್ತಲ್ಲ ಮಾರಾಯ! ಪ್ರಾಣ ಹೋದ್ರೂ ಎತ್ತಲ್ಲ!"

ಪ್ಲಂಬರಿಗೆ ಫೋನ್ ಮಾಡಿದರು. "ಬಸ್ ಸ್ಟಾಪಲ್ಲೇ ನಿಂತಿದೀನಿ ಸಾರ್. ಬಸ್ಸೇ ಬರ್ತಿಲ್ಲ. ಈ ರೂಟಿನ ಡ್ರೈವರ್ ರಜಾ ಹಾಕಿ ಮನೇಲಿ ಆರಾಮಾಗಿ ಕೂತಿದಾನಂತೆ! ಇಂಥವರಿಗೆ ಏನು ಹೇಳ್ಬೇಕು ಹೇಳಿ!"

 ಅಳಿಯಂದಿರು ಮೆಲ್ಲಗೆ ಫೋನ್ ಇಟ್ಟರು.

ಕಾಲು ಜೋಮು ಹಿಡಿಯಿತು. ಸೊಂಟ ಹಿಡಿಯಿತು. ಕಿಟಕಿಯ ಹೊರಗೆ ಎಲ್ಲರೂ ಎಲ್ಲೆಲ್ಲಿಗೋ ಹೋಗುತ್ತಿದ್ದರು. ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡುವಂತಿಲ್ಲ! ಆದರೂ ನಮ್ಮ ಅಳಿಯಂದಿರು ಹಟವಾದಿ. ಹಲ್ಲು ಕಚ್ಚಿ, ಕುರ್ಚಿ ಕಚ್ಚಿ, ನೆಲ ಕಚ್ಚಿ ಕೂತರು. ಸಂಜೆಯ ಹೊತ್ತಿಗೆ ಬಾಗಿಲು ತೆರೆಯಿತು.

ಮಗಳು ನಿಂತು ನೋಡಿದಳು. ಬೀರು ನೋಡಿದಳು, ಬೋಲ್ಟು ನೋಡಿದಳು, ಒದ್ದೆ ಗಂಡನನ್ನು ನೋಡಿದಳು.

"ಏನ್ರೀ ಇದು?"

"ಸೆಸೈಲ್," ಎಂದರು ಅಳಿಯಂದಿರು, ನೀರಿಗೆ ಬಿದ್ದ ಬೆಕ್ಕಿನ ದನಿಯಲ್ಲಿ.

ಮೊಮ್ಮಗಳು ನಡೆದದ್ದೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು. ಮಗಳು ಬೈಯಲಿಲ್ಲ. ಬ್ಯಾಗು ಇಟ್ಟಳು, ಚಪ್ಪಲಿ ಬಿಟ್ಟಳು.

"ಏಳಿ. ನಾನು ಕೂತ್ಕೋತೀನಿ."

"ನಿನ್ನ ಕೈಲಾಗಲ್ಲ ಕಣೆ, ಅಲ್ಲಾಡದೆ ಕೂರೋದು ಅಂದ್ರೆ..."

"ಕೂರೋದನ್ನ ನನಗೆ ಹೇಳಿಕೊಡ್ತೀರಾ? ಕ್ಯೂ ನೋಡ್ಕೊಂಡು, ಬೈಸ್ಕೊಂಡು, ಆಕಳಿಕೆ ನುಂಗ್ಕೊಂಡು ಕೂತವಳು ನಾನು!"

ಎದ್ದ ಹಿಮ್ಮಡಿಯ ಜಾಗಕ್ಕೆ ಇನ್ನೊಂದು ಹಿಮ್ಮಡಿ ಬಂತು. ಒಂದು ಹನಿಯೂ ಚಿಮ್ಮಲಿಲ್ಲ. ಅಳಿಯಂದಿರು ಕುಂಟುತ್ತ ಹೋಗಿ, ತಾವೇ ಬಿಗಿದ ಬೋಲ್ಟುಗಳನ್ನು ತಮಗೇ ಶಾಪ ಹಾಕುತ್ತ ಬಿಚ್ಚಿ, ಬೀರು ಎಳೆದು ವಾಲ್ವ್ ತಿರುಗಿಸಿದರು. ಕೆಳಗಿನಿಂದ ಹಾಸಿಗೆಯವನು "ನಿಂತಿತು!" ಎಂದು ಕೂಗಿದ.

"ಬೀರು ಅಲ್ಲಿ ಬೇಡ, ಆ ಮೂಲೆಗೆ," ಎಂದಳು ಮಗಳು ಕೂತಲ್ಲಿಂದಲೇ.

ಎಳೆದರು.

"ಮಂಚದ ಬೋಲ್ಟು ಬಿಚ್ಚಿ. ಈ ಗೋಡೆಗೆ ತನ್ನಿ. ಮೇಜು ಸ್ವಲ್ಪ ಎಡಕ್ಕೆ... ಸಾಕು. ಊಹೂಂ, ಬಲಕ್ಕೇ ಇರ್ಲಿ."

ತಂದರು, ಸರಿಸಿದರು, ಮತ್ತೆ ಸರಿಸಿದರು. ಬೆವರು ಒರೆಸಿಕೊಳ್ಳುವಾಗ ಅವರ ತಲೆಗೆ ಏನೋ ಹೊಳೆಯಿತು.

"ಅಲ್ಲ ಕಣೆ, ನೀರು ನಿಂತು ಎಷ್ಟೊತ್ತಾಯ್ತು! ನೀನ್ಯಾಕೆ ಇನ್ನೂ ಅಲ್ಲೇ ಕೂತಿದೀಯ?"

ಮಗಳು ಬೆನ್ನು ಒರಗಿಸಿ, ಕಿಟಕಿಯಾಚೆ ಬ್ರೇಕ್ ಹಾಕುತ್ತಿದ್ದ ಒಂದು ಬಸ್ಸನ್ನು ನೋಡಿ ನಿಟ್ಟುಸಿರಿಟ್ಟಳು.

"ಎಷ್ಟು ಚೆನ್ನಾಗಿದೆ ರೀ ಈ ಜಾಗ! ನೀವು ಹೇಳಿದ್ದೇ ಸರಿ, ಈ ಕುರ್ಚಿಯನ್ನ ಇನ್ನು ಯಾರೂ ಅಲ್ಲಾಡಿಸಬಾರದು. ಹೋಗಿ, ನನಗೊಂದು ಕಾಫಿ ತನ್ನಿ!"