ಭಾವನಿಗೆ ತಿಳಿಯುವ ತನಕ

ನನ್ನ ಭಾವನ ಅಪ್ಪಣೆಯಿಲ್ಲದೆ ಈ ಜಗತ್ತಿನಲ್ಲಿ ಒಂದು ಕಲ್ಲೂ ಕೆಳಗೆ ಬೀಳುವಂತಿರಲಿಲ್ಲ. ಉತ್ಪ್ರೇಕ್ಷೆ ಎನ್ನುತ್ತೀರಾ? ನೀವು ಅವರ ಮನೆಯಲ್ಲಿದ್ದು ಪಿ.ಯು.ಸಿ. ಓದಿದವರಲ್ಲ, ಬಿಡಿ! ಹೆಸರು ಮಾತ್ರ ಹೇಳಲಾರೆ. ಹೇಳಿದರೆ ಅಕ್ಕ ಮುಂದೆ ನನ್ನನ್ನು ಊಟಕ್ಕೆ ಕರೆಯುವುದಿಲ್ಲ.

ಶರಾವತಿಗೆ ಆಗ ಸೇತುವೆ ಇರಲಿಲ್ಲ. ಕಾಸರಕೋಡಿನ ಧಕ್ಕೆಯಲ್ಲಿ ಲಾಂಚು ಹತ್ತಿ ಹೊನ್ನಾವರದ ಧಕ್ಕೆಯಲ್ಲಿ ಇಳಿಯಬೇಕು. ಆ ಲಾಂಚಿನಲ್ಲಿ ಟಿಕೆಟು ಹರಿಯುವುದು ಭಾವನ ಕೆಲಸ. ಓದಿದ್ದು ಮುಲ್ಕಿ, ಅಂದರೆ ಏಳನೇ ಇಯತ್ತೆ. ನಾನೋ, ಭಟ್ಕಳದ ಹತ್ತಿರ ಹೆಬಳೆಯವ, ಮೆಟ್ರಿಕ್ ತನಕ ಕನ್ನಡದಲ್ಲೇ ಓದಿದವ. ಕಾಲೇಜಿಗೆ ಬಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡೂ ಇಂಗ್ಲಿಷಿನಲ್ಲಿ! ಮೊದಲ ಸಲ ಎರಡರಲ್ಲೂ ನಪಾಸಾದೆ. "ಇನ್ನೊಂದು ಸಲ ಕೂತ್ಕೊ. ಆಗ್ಲಿಲ್ಲ ಅಂದ್ರೆ ಬಂದು ಗದ್ದೆ ನೋಡು" ಎಂದು ಅಪ್ಪ ಹೇಳಿಬಿಟ್ಟ. ನನಗೋ ಧಾರವಾಡಕ್ಕೆ ಹೋಗಿ ಬಿ.ಎಸ್ಸಿ. ಮಾಡುವ ಹಂಬಲ. ನದಿ ದಾಟಿದರೆ ಕಾಲೇಜು, ಇಲ್ಲೇ ಇರಲಿ ಎಂದು ಅಕ್ಕ ಕಾಸರಕೋಡಿನ ತನ್ನ ಮನೆಯಲ್ಲಿ ಇಟ್ಟುಕೊಂಡಳು. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು.

ಮೊದಲ ದಿನವೇ ಭಾವ ಕಾನೂನು ಮಾಡಿದರು. ಪ್ರತಿಯೊಂದು ಲೆಕ್ಕವನ್ನೂ ಅವರಿಗೆ ಕನ್ನಡದಲ್ಲಿ ಹೇಳಬೇಕು. ಅವರಿಗೆ ತಿಳಿಯುವ ತನಕ ನಾನು ಪೆನ್ನು ಮುಟ್ಟುವಂತಿಲ್ಲ. ಪೆನ್ನು ಅವರ ಜೇಬಿನಲ್ಲಿ.

"ನೂರು ಅಡಿ ಎತ್ತರದ ಗೋಪುರದಿಂದ ಒಂದು ಕಲ್ಲು..." ಎಂದು ಶುರು ಮಾಡಿದೆ.

"ಯಾರು ಹಾಕಿದ್ದು?"

"ಯಾರೂ ಅಲ್ಲ ಭಾವ, ಲೆಕ್ಕದ ಕಲ್ಲು."

"ತನ್ನಷ್ಟಕ್ಕೆ ಜಾರಿ ಬಿತ್ತೋ, ಯಾರಾದ್ರೂ ಎಸ್ದದ್ದೋ? ಎಸ್ದ್ರೆ ಬೇಗ ಬರ್ತದಲ ತಮಾ."

ಪುಸ್ತಕ ನೋಡಿದೆ. ಸುಮ್ಮನೆ ಕೈಬಿಟ್ಟದ್ದು ಎಂದಿತ್ತು. ಹೇಳಿದೆ. ಅಷ್ಟಕ್ಕೆ ಬಿಟ್ಟರೇ? ಗಾಳಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಪುಸ್ತಕ ಹೇಳಿದ್ದಕ್ಕೆ ಅವರಿಗೆ ಸಿಟ್ಟೇ ಬಂತು. "ಸಮುದ್ರದ ಬದಿಗೆ ಬಂದು ಹೇಳಲಿ ಪುಸ್ತಕ ಬರ್ದವ, ಗಾಳಿ ಇಲ್ಲ ಅಂತ" ಎಂದರು. ಆ ಕಲ್ಲು ನೆಲ ಮುಟ್ಟಲು ಪುಸ್ತಕದ ಪ್ರಕಾರ ಎರಡೂವರೆ ಸೆಕೆಂಡು. ನಮ್ಮ ಜಗಲಿಯಲ್ಲಿ ಮೂರು ದಿನ!

ಮುಂದಿನದು ದೋಣಿಯ ಲೆಕ್ಕ. ನದಿಯ ಸೆಳೆತ ಗಂಟೆಗೆ ಎರಡು ಮೈಲಿ, ದೋಣಿಯ ವೇಗ ನಾಲ್ಕು ಮೈಲಿ. ನೇರ ಎದುರಿನ ದಡ ಮುಟ್ಟಲು ಎಷ್ಟು ಕೋನದಲ್ಲಿ ಹೊರಡಬೇಕು? ಇದನ್ನು ಬೆಳಿಗ್ಗೆ ಲಾಂಚಿನಲ್ಲಿ ಹೇಳಿದ್ದು ನನ್ನ ತಪ್ಪು.

"ಭರತವೋ, ಇಳಿತವೋ?" ಎಂದರು ಭಾವ.

"ಅದೆಲ್ಲ ಬರೆದಿಲ್ಲ."

"ಹಾಂಗಾರೆ ಅವ ಹೊಳೆಯನ್ನೇ ಕಂಡವ ಅಲ್ಲ." ಚುಕ್ಕಾಣಿ ಹಿಡಿದಿದ್ದ ತಾಂಡೇಲನತ್ತ ತಿರುಗಿ, "ನೀ ಎಷ್ಟು ಕೋನದಲ್ಲಿ ಬಿಡುದು ಮಾರಾಯ?" ಎಂದು ಕೇಳಿದರು.

"ಕೋನ ಎಂತದು? ನೀರು ಎಳೆವ ಬದಿಗೆ ಎದುರಾಗಿ ಮೂತಿ ಇಟ್ಟು ಬಿಡುದು."

"ಎಷ್ಟು ಎದುರಾಗಿ?"

"ಧಕ್ಕೆ ಸಿಗುವಷ್ಟು."

ಉತ್ತರ ಬಹಳ ಸರಿಯಾಗಿತ್ತು. ಆದರೆ ಅದನ್ನು ಹೇಳಲು ತಾಂಡೇಲ ಹಿಂದೆ ತಿರುಗಿದ್ದನಲ್ಲ! ಅಷ್ಟರಲ್ಲಿ ಇಳಿತ ಲಾಂಚನ್ನು ಧಕ್ಕೆಯಿಂದ ಆಚೆ ಒಯ್ದಿತ್ತು. ಸುತ್ತು ಹಾಕಿ ದಡ ಸೇರುವಾಗ ಕಾಲೇಜಿನಲ್ಲಿ ಮೊದಲ ತಾಸು ಮುಗಿದಿತ್ತು. ಆ ತಾಸಿನಲ್ಲಿ ಮೇಷ್ಟ್ರು ಬಿಡಿಸಿದ್ದು ಇದೇ ಲೆಕ್ಕವಂತೆ.

ರಸಾಯನಶಾಸ್ತ್ರ ಅಡುಗೆಮನೆಗೆ ನುಗ್ಗಿತು. ಹುಳಿಗೆ ಸುಣ್ಣ ಸೇರಿದರೆ ಎರಡರ ಗುಣವೂ ಹೋಗುತ್ತದೆ, ಬಣ್ಣ ನೋಡಿ ಅದು ತಿಳಿಯುತ್ತದೆ ಎಂದು ಹೇಳಿದ್ದೆ. "ಮಾಡಿ ತೋರ್ಸು" ಎಂದರು. ಅರಿಶಿನದ ನೀರಿಗೆ ಚಿಪ್ಪಿನ ಸುಣ್ಣ ಹಾಕಿದರು, ಕೆಂಪಾಯಿತು. ಇನ್ನು ಹನಿಹನಿಯಾಗಿ ಹುಳಿ ಬಿಡಬೇಕು, ಕೆಂಪು ಹೋದ ಕೂಡಲೇ ನಿಲ್ಲಿಸಬೇಕು. ಭಾವ ಕೈಗೆ ಸಿಕ್ಕ ಹುಳಿ ಬಿಟ್ಟರು. ಕೈಗೆ ಸಿಕ್ಕಿದ್ದು ಅಕ್ಕ ಮೀನುಸಾರಿಗೆ ನೆನೆಸಿಟ್ಟ ಮುರುಗಲಿನ, ಅಂದರೆ ಪುನರ್ಪುಳಿಯ, ನೀರು! ಬಿಟ್ಟಷ್ಟೂ ಕೆಂಪು ಹೆಚ್ಚಿತು. ಹೋಗಲಿಲ್ಲವಲ್ಲ ಎಂದು ಇನ್ನಷ್ಟು ಬಿಟ್ಟರು. ಮುರುಗಲೇ ಕೆಂಪು ಎನ್ನುವುದು ಮುಲ್ಕಿಯವರಿಗೂ ಹೊಳೆಯಲಿಲ್ಲ, ಕಾಲೇಜಿನವನಿಗೂ ಹೊಳೆಯಲಿಲ್ಲ. ಅಕ್ಕ ಬಂದು ಖಾಲಿ ಪಾತ್ರೆ ನೋಡಿ, "ಬಂಗಡೆಗೆ ಈಗ ಎಂತ ಹಾಕುದು? ಪುಸ್ತಕದಲ್ಲಿ ಬರ್ದಿದ್ರೆ ಹೇಳಿ" ಎಂದಳು. ಇಬ್ಬರೂ ಸಪ್ಪೆ ಸಾರು ಉಂಡೆವು.

ನನಗೆ ಸಾಕುಸಾಕಾಗಿತ್ತು. ಗೆಳೆಯರು ದಿನಕ್ಕೆ ಹತ್ತು ಲೆಕ್ಕ ಬಾಯಿಪಾಠ ಮಾಡುತ್ತಿದ್ದರು, ನನಗೆ ಒಂದು ಮುಗಿಯುತ್ತಿರಲಿಲ್ಲ. ಈ ಮನುಷ್ಯನಿಂದಾಗಿ ನಾನು ಗದ್ದೆಗೆ ಹೋಗುವುದು ಖಂಡಿತ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಪರೀಕ್ಷೆ ಬಂತು. ಪ್ರಶ್ನೆಪತ್ರಿಕೆ ತೆರೆದೆ. ಇಂಗ್ಲಿಷು ಅದೇ ಇಂಗ್ಲಿಷು. ಆದರೆ ನಾನು ಒಂದೊಂದು ಲೆಕ್ಕವನ್ನೂ ಒಳಗೊಳಗೇ ಕನ್ನಡದಲ್ಲಿ ಹೇಳಿಕೊಳ್ಳುತ್ತಿದ್ದೆ. ಏನು ಕೊಟ್ಟಿದ್ದಾರೆ, ಏನು ಕೊಟ್ಟಿಲ್ಲ ಎಂಬುದೆಲ್ಲ ಕಣ್ಣಿಗೆ ಕಾಣುತ್ತಿತ್ತು. ಕೈ ತಾನಾಗಿ ಬರೆಯಿತು.

ಸಂಜೆ ಭಾವ ಪ್ರಶ್ನೆಪತ್ರಿಕೆ ಹಿಡಿದು ಎದುರು ಕೂತರು. "ಕನ್ನಡದಲ್ಲಿ ಹೇಳು, ಕಾಂಬ."

"ಮುಗೀತಲ್ಲ ಭಾವ. ಇನ್ನೆಂತಕ್ಕೆ?" ಎಂದು ಗೋಡೆಗೆ ಮುಖ ಮಾಡಿ ಮಲಗಿದೆ. ಅವರು ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು.

ಪಾಸಾದೆ. ಧಾರವಾಡದಲ್ಲಿ ಸೀಟೂ ಸಿಕ್ಕಿತು. ಹೊರಡುವ ದಿನ ಟ್ರಂಕು ಹಿಡಿದು ಲಾಂಚು ಹತ್ತಿದೆ. ಭಾವ ಎಲ್ಲರಿಗೂ ಟಿಕೆಟು ಕೊಟ್ಟು ನನ್ನ ಬಳಿ ಬಂದು ನಿಂತರು. ಜೇಬಿನಿಂದ ಆ ಪ್ರಶ್ನೆಪತ್ರಿಕೆ ತೆಗೆದರು. ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿತ್ತು.

"ಇಂಗ್ಲಿಷ್ ಬಪ್ಪವ್ರು ಲಾಂಚಿಗೆ ಬಂದ್ರೆ ಕೇಳ್ತಿದ್ದೆ" ಎಂದರು. "ಒಬ್ಬ ಮಾಸ್ತರು ಎರಡು ಲೆಕ್ಕ ಹೇಳಿದ್ರು. ಅಷ್ಟೊತ್ತಿಗೆ ದಡ ಬಂತು."

ತುಂಡುಗಳನ್ನು ನನ್ನ ಕೈಗಿಟ್ಟರು.

"ಶುರು ಮಾಡಿದ್ದು ನೀ ಪಾಸಾಗಲಿ ಅಂತ. ಆಮೇಲೆ ನಂಗೇ ಬೇಕು ಅಂತ ಆತು ತಮಾ. ನಮ್ಮ ಅಪ್ಪ ಮುಲ್ಕಿಗೇ ಬಿಡ್ಸಿದ. ಈ ಒಂದು ವರ್ಷ ನಾನೂ ಕಾಲೇಜಿಗೆ ಹೋದ ಹಾಂಗೆ ಆಗಿತ್ತು."

ಗೋಡೆಗೆ ಮುಖ ಮಾಡಿ ಮಲಗಿದ್ದು ನೆನಪಾಗಿ ನನಗೆ ತಲೆಯೆತ್ತಲು ನಾಚಿಕೆಯಾಯಿತು. ಲಾಂಚು ಹೊನ್ನಾವರದ ಧಕ್ಕೆಗೆ ತಾಗಿತು. ಜನ ಇಳಿದರು. ನಾನು ಟ್ರಂಕಿನ ಮೇಲೆ ಕೂತು, ಆ ನಾಲ್ಕು ತುಂಡುಗಳನ್ನು ತೊಡೆಯ ಮೇಲೆ ಜೋಡಿಸಿ, ಮೂರನೆಯ ಲೆಕ್ಕ ಹೇಳತೊಡಗಿದೆ. ಅವರು ಟಿಕೆಟು ಕೊಡುವುದು, ಬಂದು ಕೇಳುವುದು, ತಿಳಿಯಲಿಲ್ಲ ಎನ್ನುವುದು. ಕೊನೆಯ ಲೆಕ್ಕ ಅವರಿಗೆ ತಿಳಿಯುವಾಗ ನಾನು ಏಳು ಸಲ ನದಿ ದಾಟಿದ್ದೆ. ಧಾರವಾಡಕ್ಕೆ ಮರುದಿನ ಹೋದೆ.