ನಮ್ಮ ಅಂಗಳದ ಮಹಾ ಉತ್ಖನನ

ನಮ್ಮ ಅತ್ತೆ ದೋನ್ಯಾ ಫಿದೆನ್ಸಿಯಾ ಅವರಿಗೆ ಮಾತೇ ಕಡಿಮೆ ಎಂದು ಮದುವೆಯಾದ ಹೊಸತರಲ್ಲಿ ನಾನು ತಿಳಿದಿದ್ದೆ. ಪಾಪ, ಅವರು ನನ್ನ ಮಾತು ಮುಗಿಯಲೆಂದು ಕಾಯುತ್ತಿದ್ದರು, ಅಷ್ಟೆ!

ಆ ಶನಿವಾರವೂ ಅದು ಮುಗಿದಿರಲಿಲ್ಲ. ತುಲುಮ್‌ನ ಕಡಲತೀರದಲ್ಲಿ, ಹಳೆಯ ಮಾಯಾ ಜನರ ಕೋಟೆಯ ಕೂಗಳತೆಯಲ್ಲಿ, ನನ್ನ ಹೆಂಡತಿ ನೆಲ್ಸಿ ತೆಂಗಿನ ಗರಿ ಹೊದಿಸಿದ ಗುಡಿಸಲುಗಳನ್ನು ಕಟ್ಟಿಸಿ ಅತಿಥಿಗೃಹ ತೆರೆದಿದ್ದಳು. ಮೊತ್ತಮೊದಲ ಅತಿಥಿಗಳು ಬಂದಿದ್ದರು. ಊಟ ಹಿಡಿಸಿದರೆ ವಾರವಿಡೀ ಇರುತ್ತೇವೆ, ಇಲ್ಲವಾದರೆ ಸಂಜೆಗೇ ದೊಡ್ಡ ಹೋಟೆಲಿಗೆ ಹೊರಟೆವು ಎಂದಿದ್ದರು.

"ಹಂದಿಮಾಂಸ ಹೂತು ಬೇಯಿಸೋದು ನನ್ನ ಕೆಲಸ!" ಎಂದು ಘೋಷಿಸಿದೆ. ಪಿರಮಿಡ್ಡು ಕಟ್ಟಿದ ಮಾಯಾ ಜನರ ವಂಶ ನಮ್ಮದು. ಒಂದು ಗುಂಡಿ ತೋಡಲಾರೆನೆ?

ಬೆಳಕು ಹರಿಯುವಾಗಲೇ ಗುಂಡಿ ತೋಡಿ, ಕಲ್ಲು ಕಾಯಿಸಿ, ಹುಳಿಕಿತ್ತಳೆಯ ಕೆಂಪು ಮಸಾಲೆ ಸವರಿದ ಮಾಂಸವನ್ನು ಬಾಳೆಲೆಯಲ್ಲಿ ಸುತ್ತಿ ಇಳಿಸಿದೆ. ಮೇಲೆ ಸೊಪ್ಪು, ಅದರ ಮೇಲೆ ಮರಳು. ಒಂದೆಳೆ ಹಬೆಯೂ ಹೊರಬಾರದಂಥ ಸಮಾಧಿ!

"ಗುರುತಿಗೊಂದು ಕಡ್ಡಿ ಚುಚ್ರೀ," ಎಂದಳು ನೆಲ್ಸಿ.

"ಕಡ್ಡಿ ಯಾಕೆ? ನಕ್ಷೆ ಇಲ್ಲಿದೆ!" ಎಂದು ತಲೆ ತಟ್ಟಿಕೊಂಡೆ. ಅತಿಥಿಗಳ ಕಣ್ಣಿಗೆ ಅಂದವಾಗಿರಲೆಂದು ಇಡೀ ಅಂಗಳದ ಮರಳನ್ನು ಗುಡಿಸಿ, ತಟ್ಟಿ, ನುಣ್ಣಗೆ ಮಾಡಿದೆ.

ಮಧ್ಯಾಹ್ನ ಸಮೀಪಿಸಿದಾಗ ಸನಿಕೆ ಹಿಡಿದು ನಿಂತೆ. ಅಂಗಳದ ಜೊತೆ ನಕ್ಷೆಯೂ ಗುಡಿಸಿಹೋಗಿತ್ತು!

ತೋಡಿದೆ. ಮರಳು. ಇನ್ನೊಂದು ಕಡೆ ತೋಡಿದೆ. ಏಡಿ. ಅದು ನನ್ನನ್ನು ನೋಡಿದ ರೀತಿ ನನಗೆ ಸರಿಬೀಳಲಿಲ್ಲ.

ಹೂತ ಅಡುಗೆಯ ಸುತ್ತ ಜಗಳವಾಡಿದರೆ ಮಾಂಸ ಹಸಿಯಾಗೇ ಉಳಿಯುತ್ತದೆಂಬುದು ನಮ್ಮ ಮನೆಯ ನಂಬಿಕೆ. ಹಾಗಾಗಿ ನೆಲ್ಸಿ ಜೇನು ಸುರಿಸುತ್ತ ಬೈಯತೊಡಗಿದಳು.

"ಪರವಾಗಿಲ್ಲ ಕಣ್ರೀ, ನನ್ನ ಬಂಗಾರ. ತಲೆ ಇರೋದು ಟೋಪಿ ಇಡೋಕೆ ತಾನೆ?"

"ನಿನ್ನ ಬಾಯಲ್ಲಿ ಇದನ್ನ ಕೇಳೋದೇ ಭಾಗ್ಯ, ನನ್ನ ರಾಣಿ!"

"ಆ ಎಲೆ ಒಂದು ಬಿಚ್ಚಲಿ, ಚಿನ್ನ. ಆಮೇಲೆ ಮಾತಾಡ್ತೀನಿ."

ಹಲ್ಲು ಕಡಿಯುತ್ತಲೇ ಇಬ್ಬರೂ ಮುಗುಳ್ನಕ್ಕೆವು.

ಅಷ್ಟರಲ್ಲಿ ಕೋಟೆ ನೋಡಿಕೊಂಡು ಅತಿಥಿಗಳು ಹಸಿದು ಬಂದರು. ಅಂಗಳದ ತುಂಬ ನಾನು ತೋಡಿದ್ದ ಗುಂಡಿಗಳನ್ನು ಕಂಡು ಅವರ ಕಣ್ಣರಳಿತು. ಕ್ಯಾಮೆರಾಗಳು ಹೊರಬಂದವು!

"ಇದು ಯಾವ ರಾಜನ ಕಾಲದ್ದು?" ಎಂದು ಅವರಲ್ಲೊಬ್ಬಾಕೆ ಪಿಸುಗುಟ್ಟಿದಳು.

"ನಮ್ಮೆಜಮಾನರ ಕಾಲದ್ದು," ಎಂದಳು ನೆಲ್ಸಿ, ಅದೇ ಜೇನುದನಿಯಲ್ಲಿ.

ಅವರೂ ತೆಂಗಿನ ಚಿಪ್ಪು ಹಿಡಿದು ಉತ್ಸಾಹದಿಂದ ತೋಡಲು ಕೂತರು. ಸ್ವಲ್ಪ ಹೊತ್ತಿನಲ್ಲೇ ನಮ್ಮ ಅಂಗಳದ ಮುಂದೆ ಪಕ್ಕದ ಹಾಳುಕೋಟೆಯೇ ಹೊಸ ಬಡಾವಣೆಯಂತೆ ಕಾಣತೊಡಗಿತು. ನೆಲ್ಸಿಯ ನಗು ಮಾತ್ರ ನಡುಗುತ್ತಿತ್ತು. ಆ ಗುಡಿಸಲುಗಳಿಗಾಗಿ ಅವಳು ಎಷ್ಟು ಕನಸು ಕಂಡಿದ್ದಳೆಂದು ನನಗೆ ಗೊತ್ತು. ನಾನು ದೇವರನ್ನು ನೆನೆದೆ, ಚರ್ಚಿನ ಹೊಸ ದೇವರನ್ನೂ, ಕೋಟೆಯ ಹಳೆಯವರನ್ನೂ.

ಬೆಳಗಿನಿಂದ ಮರದ ನೆರಳಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕೂತು ರವಿಕೆಗೆ ಹೂವಿನ ಕಸೂತಿ ಹಾಕುತ್ತಿದ್ದ ಅತ್ತೆ ಆಗ ಹಲ್ಲಿನಿಂದ ದಾರ ಕಡಿದು, ಎದ್ದು, ಸ್ಟೂಲು ಸರಿಸಿದರು.

"ಇಲ್ಲಿ ತೋಡಪ್ಪ."

ತೋಡಿದೆ. ಘಮ್ಮೆಂದು ಹಬೆ! ಮಾಂಸ ಮುಟ್ಟಿದರೆ ಎಳೆಯೆಳೆಯಾಗಿ ಬಿಟ್ಟುಕೊಳ್ಳುವಷ್ಟು ಹದವಾಗಿ ಬೆಂದಿತ್ತು. ಅತಿಥಿಗಳು ಬೆರಳು ಚೀಪುತ್ತ, "ನಾಳೆ ಏನು ಹೂಳ್ತೀರಿ?" ಎಂದರು. ನೆಲ್ಸಿ ಬೈಗುಳ ಮರೆತು, ನನ್ನ ತಟ್ಟೆಗೇ ಮೊದಲು ಬಡಿಸಿದಳು.

ಹೊಟ್ಟೆ ತುಂಬಿದ ಮೇಲೆ ಧೈರ್ಯ ಬಂದು ಕೇಳಿದೆ: "ಅತ್ತೆ, ಬೆಳಗಿನಿಂದ ಅದರ ಮೇಲೇ ಕೂತಿದ್ರಲ್ಲ! ಒಂದು ಮಾತು ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬೇಯೋಕೆ ಬಿಡ್ತಿದ್ಯಾ? ಅಲ್ದೆ, ತೆಂಗಿನ ಸಸಿ ನೆಡೋಕೆ ಗುಂಡಿಗಳು ಬೇಕಿತ್ತು."